ನಮ್ಮೂರಿನ ನ್ಯಾನೋ ಟೀಚರ್

ನಿವೃತ್ತರಾಗುವ ಹಿಂದಿನ ದಿನ ಟೀಚರ್ ತಮ್ಮ ವಿಜ್ಞಾನದ ಬೀರು ಖಾಲಿ ಮಾಡಲು ನನ್ನನ್ನೂ ಕರೆದರು. ನಾನು ಅದೇ ಹೈಸ್ಕೂಲಿನ ಕನ್ನಡ ಮೇಷ್ಟ್ರು. ಆಸಿಡ್ಡು, ಗಾಜಿನ ಕೊಳವೆ ಏನಾದರೂ ಕೈಜಾರಿ ಬಿದ್ದರೆ ಗತಿಯೇನು ಎಂದು ಹೆದರಿಕೊಂಡೇ ಹೋದೆ. ಬೀರುವಿನಿಂದ ಹೊರಬಿದ್ದದ್ದು ಹರಳೆಣ್ಣೆ ಸೀಸೆ, ಮಸಿ ಹಿಡಿದ ಹಿತ್ತಾಳೆ ತಟ್ಟೆ, ತೆಂಗಿನ ಚಿಪ್ಪಿನ ಇದ್ದಿಲು ತುಂಬಿದ ಡಬ್ಬ, ಒಲೆಯ ಬೂದಿ, ಒಂದು ಹಿಡಿ ನಾರು, ಒಣಗಿ ಮುದುರಿದ ಕೆಸುವಿನ ಎಲೆ, ಮತ್ತೆ ಒಂದು ಅರ್ಧ ಹೆಂಚು.

"ಇದೇನ್ ಟೀಚರ್, ಸ್ಕೂಲಿನ ಬೀರುನೋ ನಿಮ್ಮತ್ತೆ ಅಡುಗೆಮನೆ ಮೂಲೇನೋ?" ಎಂದೆ.

"ಎರಡಕ್ಕೂ ವ್ಯತ್ಯಾಸ ಇಲ್ಲ ಅಂತ ಇಷ್ಟು ವರ್ಷದಿಂದ ಬಡ್ಕೊಂಡಿದ್ದೀನಿ ಮೇಷ್ಟ್ರೇ. ಮಕ್ಕಳಿಗೆ ಗೊತ್ತಾಯ್ತು, ನಿಮಗೆ ಗೊತ್ತಾಗ್ಲಿಲ್ಲ ನೋಡಿ" ಎಂದರು.

ಎಲ್ಲವನ್ನೂ ಮುಂದೆ ಬರುವವರಿಗೆ ಎಂದು ಹಾಗೆಯೇ ಜೋಡಿಸಿಟ್ಟರು. ಆ ಅರ್ಧ ಹೆಂಚನ್ನು ಮಾತ್ರ ಸೆರಗಿನಿಂದ ಒರೆಸಿ ತಮ್ಮ ಕೈಚೀಲಕ್ಕೆ ಹಾಕಿಕೊಂಡರು. ಆ ಹೆಂಚಿನ ಸಂಗತಿ ನನಗೆ ಗೊತ್ತು. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆದರೆ ಮೊದಲು ಟೀಚರ್ ಎಂಥವರು ಎಂದು ಹೇಳಬೇಕು.

ಎತ್ತರ ಐದಡಿಗೂ ತುಸು ಕಡಿಮೆ. ಕಪ್ಪುಹಲಗೆಯ ಮೇಲಂಚು ಕೈಗೆ ಎಟುಕುವುದಿಲ್ಲವೆಂದು ಮನೆಯಿಂದ ಒಂದು ಮಣೆ ತಂದು, ಅದರ ಮೇಲೆ ನಿಂತು ಬರೆಯುತ್ತಿದ್ದರು. ದನಿ ಮಾತ್ರ ಶೆಟ್ಟಿಕೆರೆಯ ಬಸ್‌ಸ್ಟಾಪಿನವರೆಗೂ ಕೇಳುತ್ತಿತ್ತು. ಅವರಿಗೆ ನ್ಯಾನೋ ಟೀಚರ್ ಎಂದು ಹೆಸರಿಟ್ಟವನು ನಾನೇ. ಸಿಟ್ಟು ಮಾಡಿಕೊಳ್ಳುತ್ತಾರೆ, ಸ್ವಲ್ಪ ದಿನ ಮಾತು ಬಿಡುತ್ತಾರೆ ಎಂದುಕೊಂಡಿದ್ದೆ. ಅವರು ಕತ್ತೆತ್ತಿ ನನ್ನನ್ನು ನೋಡಿ, "ಸಣ್ಣದಾದಷ್ಟೂ ಚುರುಕು ಜಾಸ್ತಿ ಮೇಷ್ಟ್ರೇ, ಹುಷಾರಾಗಿರಿ" ಎಂದರು. ಆ ಹೆಸರು ಊರಿಗೆಲ್ಲ ಹಬ್ಬಿ ಅವರಿಗೇ ಅಂಟಿಕೊಂಡಿತು. ಬಸ್ಸಿನ ಕಂಡಕ್ಟರು ಕೂಡ "ನ್ಯಾನೋ ಟೀಚರ್ ಬತ್ತಾವ್ರೆ, ತಡಿ ಡ್ರೈವರಣ್ಣ" ಎನ್ನುತ್ತಿದ್ದ.

ತವರು ಹಾಲ್ಕುರಿಕೆ, ಸೇರಿದ ಮನೆ ನಮ್ಮ ಶೆಟ್ಟಿಕೆರೆ. ಎರಡೂ ಕಡೆ ಕೊಬ್ಬರಿ ಮನೆತನವೇ. ಕೊಬ್ಬರಿಯ ವಾಸನೆಯಲ್ಲಿ ಹುಟ್ಟಿ, ಕೊಬ್ಬರಿಯ ವಾಸನೆಗೇ ಸೊಸೆಯಾಗಿ ಬಂದವರು. ಹಾಗಾಗಿ ಅವರ ವಿಜ್ಞಾನಕ್ಕೂ ಅದೇ ವಾಸನೆ.

ಒಂದು ಸಲ ಅವರ ತರಗತಿ ಮುಗಿಸಿ ನನ್ನ ತರಗತಿಗೆ ಬಂದ ಮಕ್ಕಳ ಹಣೆಯಲ್ಲೆಲ್ಲ ಕಾಡಿಗೆಯ ಬೊಟ್ಟು. ಗಂಡುಹುಡುಗರನ್ನೂ ಬಿಟ್ಟಿರಲಿಲ್ಲ. ಇದೇನು, ಇಡೀ ಕ್ಲಾಸಿಗೇ ದೃಷ್ಟಿ ತೆಗೆದರೇ ಎಂದು ಹೋಗಿ ಇಣುಕಿದೆ. ಮೇಜಿನ ಮೇಲೆ ಹರಳೆಣ್ಣೆ ದೀಪ ಉರಿಯುತ್ತಿತ್ತು. ಅದರ ಮೇಲೆ ಹಿತ್ತಾಳೆ ತಟ್ಟೆ ಮಗುಚಿ, ಅಂಟಿದ ಮಸಿಯನ್ನು ಬೆರಳಲ್ಲಿ ತೆಗೆದು ಇನ್ನೊಂದು ಸೆಕ್ಷನ್ನಿನ ಮಕ್ಕಳಿಗೆ ಇಡುತ್ತಿದ್ದರು.

"ಇದ್ದಿಲೂ ಇಂಗಾಲ, ಇದೂ ಇಂಗಾಲ. ಇದ್ದಿಲನ್ನ ಹಣೆಗೆ ಉಜ್ಜು ನೋಡೋಣ, ಗೀರು ಬೀಳುತ್ತೆ. ಇದು ಬೆಣ್ಣೆ ಥರ ಕೂರುತ್ತೆ. ಯಾಕೆ? ಕಣ ಸಣ್ಣದು. ಎಷ್ಟು ಸಣ್ಣದು? ನಿನ್ನ ಒಂದು ತಲೆಕೂದಲು ನಮ್ಮ ತಿಪಟೂರು ರಸ್ತೆಯಷ್ಟು ಅಗಲ ಇದೆ ಅಂದ್ಕೊ. ಆ ರಸ್ತೆ ಮೇಲೆ ಬಿದ್ದಿರೋ ಕಡಲೇಕಾಳು ಇದು. ನ್ಯಾನೋ ಕಣ ಅಂದ್ರೆ ಇದೇ. ನಿಮ್ಮಜ್ಜಿ ಮಾಡ್ತಿದ್ರು, ಹೆಸರು ಗೊತ್ತಿರಲಿಲ್ಲ ಅಷ್ಟೆ."

ಕೊನೆಗೆ ಪ್ರತಿಸಲವೂ ಅದೇ ಮಾತು: "ವಸ್ತು ಅದೇ. ಸಣ್ಣದಾದ್ರೆ ಸ್ವಭಾವ ಬೇರೆ." ಈ ಮಾತು ನಮ್ಮೂರಿನಲ್ಲಿ ಎಷ್ಟು ಓಡಾಡಿತೆಂದರೆ, ಮನೆಯಲ್ಲಿ ಚಿಕ್ಕಮಗ ರಂಪ ಮಾಡಿದರೂ "ಸಣ್ಣದಲ್ವಾ, ಅದ್ಕೇ ಸ್ವಭಾವ ಬೇರೆ" ಎಂದು ನಗುತ್ತಿದ್ದರು. ಇದರಿಂದ ಒಂದು ಫಜೀತಿಯೂ ಆಯಿತು. ಚಿನ್ನವನ್ನು ನ್ಯಾನೋ ಕಣದಷ್ಟು ಸಣ್ಣದು ಮಾಡಿ ನೀರಲ್ಲಿ ಬಿಟ್ಟರೆ ಹಳದಿ ಹೋಗಿ ಕೆಂಪಗೆ ಕಾಣುತ್ತದೆ ಎಂದು ಟೀಚರ್ ಹೇಳಿದ್ದೇ ತಡ, ಒಬ್ಬ ಹುಡುಗಿ ಮನೆಗೆ ಹೋಗಿ ತನ್ನ ಓಲೆಯನ್ನು ಒರಳುಕಲ್ಲಿಗೆ ತೇಯಲು ಕೂತಳಂತೆ. ಮರುದಿನ ಅವರಮ್ಮ ಶಾಲೆಗೆ ಬಂದು ಗೇಟಿನಲ್ಲೇ ನಿಂತು ಕೂಗಿದರು: "ಏನ್ ಹೇಳ್ಕೊಟ್ಟಿದ್ದೀರಿ ಟೀಚರಮ್ಮ, ನಮ್ ಹುಡ್ಗಿ ಓಲೆ ತೇದು ಕುಂಕುಮ ಮಾಡ್ತಾವ್ಳೆ!" ಟೀಚರ್ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ಆ ತಾಯಿಯನ್ನೂ ಕರೆದು ಬೆಂಚಿನ ಮೇಲೆ ಕೂರಿಸಿ, ಒರಳುಕಲ್ಲಿನಲ್ಲಿ ತೇದರೆ ಅಷ್ಟು ಸಣ್ಣದು ಆಗುವುದಿಲ್ಲ ಎಂದು ಪೂರ್ತಿ ಪಾಠ ಹೇಳಿಯೇ ಕಳಿಸಿದರು.

ಸಣ್ಣದಾದರೆ ಯಾಕೆ ಸ್ವಭಾವ ಬದಲಾಗಬೇಕು ಎಂದು ನಾನೊಮ್ಮೆ ಕೇಳಿದೆ. ಸ್ಟಾಫ್‌ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದರು. "ಸಾರಿಗೆ ಕೊಬ್ಬರಿ ಹೋಳು ಹಾಕಿದ್ರೆ ರುಚಿ ಇಳಿಯುತ್ತಾ? ಇಲ್ಲ. ತುರಿದು ರುಬ್ಬಿದ್ರೆ ಇಳಿಯುತ್ತೆ. ಕೊಬ್ಬರಿ ಅಷ್ಟೇ, ಮೈ ಜಾಸ್ತಿ ಆಯ್ತು. ಸಣ್ಣದು ಮಾಡ್ತಾ ಹೋದ್ರೆ ಒಳಗೆ ಇದ್ದದ್ದೆಲ್ಲ ಹೊರಮೈ ಆಗುತ್ತೆ. ಹೊರಗೆ ಬಂದೋರು ಸುಮ್ನೆ ಕೂರ್ತಾರಾ?" ಎಂದರು. ಅವತ್ತಿನಿಂದ ನನಗೆ ಸಾರು ಊಟ ಮಾಡುವಾಗಲೂ ವಿಜ್ಞಾನ ನೆನಪಾಗುತ್ತದೆ.

ಹೊಗಳಿಕೆ ವಿಷಯದಲ್ಲಿ ಮಾತ್ರ ಬಲು ಜಿಪುಣರು. ತಪ್ಪು ಹೇಳಿದ ಹುಡುಗನನ್ನು ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. "ನಿಂತಿರು, ಯೋಚ್ನೆ ಮಾಡು" ಎನ್ನುತ್ತಿದ್ದರು ಅಷ್ಟೆ. ಅವನು ನಿಂತಿರಬೇಕು. ಸರಿ ಉತ್ತರ ಹೇಳಿದಾಗ ಭೇಷ್ ಇಲ್ಲ, ಶಹಬ್ಬಾಸ್ ಇಲ್ಲ. "ಕೂತ್ಕೊ" ಎನ್ನುವರು. ಆ ಒಂದು ಪದಕ್ಕೆ ಮಕ್ಕಳು ಹಾತೊರೆಯುತ್ತಿದ್ದರು. "ಇವತ್ತು ನಂಗೆ ಕೂತ್ಕೊ ಅಂದ್ರು ಕಣಮ್ಮ" ಎಂದು ಮನೆಗೆ ಓಡಿಹೋಗಿ ಹೇಳುವವರಿದ್ದರು. ನಾನು ನೋಟ್‌ಬುಕ್ ತುಂಬ ‘ಅತ್ಯುತ್ತಮ’ ಬರೆದರೂ ಆ ಮರ್ಯಾದೆ ಸಿಕ್ಕಲಿಲ್ಲ.

ಅವರ ಶಿಷ್ಯರ ಪೈಕಿ ಲೋಕೇಶ ಎಂಬವನು ಅತಿ ಹೆಚ್ಚು ಹೊತ್ತು ನಿಂತವನೂ ಹೌದು, ಅತಿ ಹೆಚ್ಚು ಸಲ ‘ಕೂತ್ಕೊ’ ಅನ್ನಿಸಿಕೊಂಡವನೂ ಹೌದು. ಅವನ ಮನೆ ಕೆರೆ ಏರಿಯ ಕೆಳಗೆ. ಅಪ್ಪ ತೋಟ ನೋಡಿಕೊಂಡು ಕೊಬ್ಬರಿ ಮಾಡುವವರು. ಅವರ ಹಿತ್ತಲಿನ ಕೆಸುವಿನ ಎಲೆ ತಂದು, ನೀರು ಇದರ ಮೇಲೆ ಯಾಕೆ ನಿಲ್ಲದೆ ಉರುಳುತ್ತದೆ ಎಂದು ಕೇಳಿದವನು ಅವನೇ. ಎಲೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಮೇಣದ ಉಬ್ಬುಗಳು ಇರುತ್ತವೆ, ಹನಿ ಅವುಗಳ ತುದಿಯ ಮೇಲೆ ಕೂರುವುದರಿಂದ ಎಲೆಗೆ ಅಂಟುವುದೇ ಇಲ್ಲ ಎಂದು ಅವನ ಬಾಯಿಂದಲೇ ಹೊರಡಿಸುವವರೆಗೆ ಟೀಚರ್ ಅವನನ್ನು ಕೂರಿಸಲಿಲ್ಲ. ಅವನು ಮುಂದೆ ಡಿಪ್ಲೊಮಾ ಓದಿದ. ಬಹಳ ವರ್ಷಗಳ ಹಿಂದೆ, ಕಾಯಿ ಕೆಡಹುವ ಕಾಲದಲ್ಲಿ, ಊರಿಗೆ ವಾಪಸ್ಸು ಬಂದ. ಗೂಡ್ಸ್ ಆಟೋ ತುಂಬ ಡಬ್ಬಗಳು. ಯಾವುದೋ ಕಂಪನಿಯ ನ್ಯಾನೋ ಲೇಪನಕ್ಕೆ ನಮ್ಮ ಕಡೆಯ ಏಜೆಂಟ್ ಆಗಿದ್ದ.

ಮೊದಲು ಬಂದದ್ದು ಶಾಲೆಗೇ. ಗೋಡೆಗೆ ಒಂದು ಕೈ ಬಳಿದು, ಒಣಗಿಸಿ, ಚೊಂಬಿನಿಂದ ನೀರು ಎರಚಿದ. ನೀರು ಮುತ್ತಿನಂತೆ ಉರುಳಿ ಬಿತ್ತು. "ನಮ್ಮ ಕೆಸುವಿನ ಎಲೆ ಟೀಚರ್!" ಎಂದ. ಟೀಚರ್ ಅವನ ತೋಳು ಹಿಡಿದು ಸ್ಟಾಫ್‌ರೂಮಿಗೆ ಕರೆತಂದು, "ನೋಡಿ ಮೇಷ್ಟ್ರೇ, ನಮ್ಮ ಹುಡುಗ" ಎಂದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಆ ಸಂತೋಷ ಹೆಚ್ಚು ದಿನ ಬಾಳಲಿಲ್ಲ. ಲೋಕೇಶ ಗೋಡೆಯಿಂದ ತೆಂಗಿನಕಾಯಿಗೆ ಇಳಿದ.

ನಮ್ಮ ಕಡೆ ಕೊಬ್ಬರಿ ಮಾಡುವ ರೀತಿ ಗೊತ್ತಿಲ್ಲದವರಿಗಾಗಿ ಒಂದು ಮಾತು. ಬಲಿತ ಕಾಯನ್ನು ಮಟ್ಟೆ ಸಮೇತ, ಅಂದರೆ ನಾರಿನ ಸಿಪ್ಪೆ ಸುಲಿಯದೆ, ಅಟ್ಟಕ್ಕೆ ಏರಿಸುತ್ತೇವೆ. ಹೆಚ್ಚುಕಡಿಮೆ ಒಂದು ವರ್ಷ ಅದು ಅಲ್ಲೇ ಇರಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಗುಂಡಗೆ ಇಡಿಯಾದ ಕೊಬ್ಬರಿಯಾಗುತ್ತದೆ. ಅಲ್ಲಾಡಿಸಿದರೆ ಲೊಟಲೊಟ ಎನ್ನಬೇಕು. ಅಲ್ಲಿಯತನಕ ಯಾರೂ ಒಡೆದು ನೋಡುವಂತಿಲ್ಲ, ಅವಸರ ಮಾಡುವಂತಿಲ್ಲ. ಅಟ್ಟದ ಮೇಲಿರುವುದು ಒಂದು ಮನೆಯ ಇಡೀ ವರ್ಷ.

ಮಳೆಗಾಲದಲ್ಲಿ ಹೆಂಚು ಸೋರಿ ಕಾಯಿ ನೆನೆದರೆ ಮೊಳಕೆ ಬರುತ್ತದೆ, ಬೂಷ್ಟು ಹಿಡಿಯುತ್ತದೆ. ಇದೇ ಎಲ್ಲರ ಚಿಂತೆ. ಲೋಕೇಶ ಕಾಯಿಯನ್ನೇ ಲೇಪನದಲ್ಲಿ ಅದ್ದಿ ತೆಗೆದು, ಅದರ ಮೇಲೆ ನೀರು ಸುರಿದು ತೋರಿಸಿದ. ಮಟ್ಟೆ ಒಂದು ಹನಿಯನ್ನೂ ಕುಡಿಯಲಿಲ್ಲ. ಅಟ್ಟಕ್ಕೆ ಏರಿಸುವ ಮೊದಲು ಹೀಗೆ ಅದ್ದಿಬಿಟ್ಟರೆ ಮಳೆಯ ಭಯವೇ ಇಲ್ಲ ಎಂದ. ಜನ ಮುಗಿಬಿದ್ದರು. ಲೋಕೇಶನ ಮೇಲಿನ ನಂಬಿಕೆಗಿಂತ ಹೆಚ್ಚಾಗಿ ಟೀಚರ್ ಮೇಲಿನ ನಂಬಿಕೆ.

"ನ್ಯಾನೋ ಕಣ್ಲಾ. ನಮ್ ಟೀಚರಮ್ಮನೇ ಹೇಳವ್ರಲ್ಲ, ಸಣ್ಣದಾದ್ರೆ ಸ್ವಭಾವ ಬೇರೆ ಅಂತ. ಕಣ್ ಮುಚ್ಕೊಂಡು ತಗೋಬೋದು ಬುಡು."

ದಾರಿಯಲ್ಲಿ ಹೋಗುವವರ ಈ ಮಾತು ಟೀಚರ್ ಕಿವಿಗೆ ಬಿದ್ದದ್ದು ನಮ್ಮ ಮನೆಯ ಜಗುಲಿಯಲ್ಲಿ. ಕಾಫಿ ಲೋಟ ಕೆಳಗಿಟ್ಟು ಎದ್ದರು. ಲೋಕೇಶನನ್ನು ಕರೆಸಿ ಕೇಳಿದರು.

"ಹೊರಗಿನ ನೀರು ಒಳಗೆ ಹೋಗಲ್ಲ. ಸರಿ. ಒಳಗಿನ ನೀರು ಎಲ್ಲಿಂದ ಹೊರಗೆ ಹೋಗುತ್ತೆ?"

"ಕಂಪನಿಯೋರು ಟೆಸ್ಟ್ ಮಾಡವ್ರೆ ಟೀಚರ್. ಸಿಮೆಂಟು, ಮರ, ಬಟ್ಟೆ, ಎಲ್ಲದಕ್ಕೂ ಆಯ್ತದೆ."

"ಕಂಪನಿಯೋರ ಮನೇಲಿ ಅಟ್ಟ ಇದೆಯೇನೋ? ಯಾವುದಕ್ಕೆ ಆಗುತ್ತೆ ಅನ್ನೋದು ಹೇಳ್ದೆ. ಯಾವುದಕ್ಕೆ ಆಗಲ್ಲ?"

ಲೋಕೇಶ ಕೈಯಲ್ಲಿದ್ದ ಡಬ್ಬ ತಿರುಗಿಸಿ ಅದರ ಮೇಲೆ ಬರೆದದ್ದನ್ನು ಓದಿದ. ಅವನ ಕಣ್ಣಲ್ಲಿ ನೋವು ಕಾಣುತ್ತಿತ್ತು. ಅವನೇನು ಮೋಸಗಾರನಲ್ಲ. ಹೇಳಿಕೊಟ್ಟವರೇ ಬೆನ್ನು ತಟ್ಟುತ್ತಾರೆ ಎಂದು ಬಂದವನು, ಹೇಳಿಕೊಟ್ಟವರೇ ಅಡ್ಡ ನಿಂತದ್ದು ಕಂಡು ಕುಗ್ಗಿಹೋಗಿದ್ದ.

ಜನಕ್ಕೆ ಕಣ್ಣಾರೆ ತೋರಿಸಬೇಕೆಂದು ಟೀಚರ್ ನಮ್ಮ ಜಗುಲಿಯ ತೊಲೆಗೆ ಒಂದು ಹಳೆಯ ತಕ್ಕಡಿ ನೇತುಹಾಕಿಸಿದರು. ಬಸ್‌ಸ್ಟಾಪು ಎದುರಿಗೇ ಇರುವುದರಿಂದ ಹೋಗಿಬರುವವರೆಲ್ಲ ನೋಡಲಿ ಎಂದು. ಒಂದು ತಟ್ಟೆಯಲ್ಲಿ ಲೇಪನದಲ್ಲಿ ಅದ್ದಿದ ಕಾಯಿ, ಇನ್ನೊಂದರಲ್ಲಿ ಹಾಗೇ ಇರುವ ಕಾಯಿ. ಸಣ್ಣ ಕಲ್ಲು ಸೇರಿಸಿ ಎರಡನ್ನೂ ಸಮ ಮಾಡಿದರು. "ಹಾಗೇ ಇರೋ ಕಾಯಿ ನೀರು ಬಿಡ್ತಾ ಬಿಡ್ತಾ ಹಗುರಾಗಿ ಮೇಲೇಳುತ್ತೆ. ಅದ್ದಿರೋದು ಏಳಲ್ಲ. ಅಲ್ಲಿಗೆ ಪಾಠ ಮುಗೀತು" ಎಂದರು.

ಅವರು ಹೇಳಿದಂತೆಯೇ ಆಯಿತು. ದಿನ ಕಳೆದಂತೆ ಒಂದು ತಟ್ಟೆ ಮೇಲಕ್ಕೆ ಹೋಯಿತು, ಲೇಪನದ ತಟ್ಟೆ ಕೆಳಕ್ಕೆ ತೂಗಿತು. ಆದರೆ ನಮ್ಮ ಜನ ಹುಟ್ಟಿದಾರಭ್ಯ ಕೊಬ್ಬರಿಯನ್ನು ತೂಕಕ್ಕೆ ಮಾರಿದವರು. ತಕ್ಕಡಿ ನೋಡಿದರೆ ಅವರ ಕಣ್ಣು ಹೋಗುವುದು ಕೆಳಗಿಳಿದ ತಟ್ಟೆಗೇ. ಬಸ್ಸಿಳಿದವರು ಜಗುಲಿ ಹತ್ತಿ ಬಂದು, ನೋಡಿ, ಬಾಯಿ ಚಪ್ಪರಿಸಿದರು.

"ಅದ್ದಿರೋ ಕಾಯಿ ತೂಕ ಕಳ್ಕೊಂಡೇ ಇಲ್ಲ ನೋಡ್ಲಾ! ನಮ್ ಕಾಯಿ ನೋಡು, ಸೊರಗೋಗೈತೆ."

"ಟೀಚರಮ್ಮ ಸುಮ್ನೆ ತಕ್ಕಡಿ ಕಟ್ಸಿಲ್ಲ ಕಣಪ್ಪ. ಬಾಯಲ್ಲಿ ಹೇಳಕ್ಕೆ ಸಂಕೋಚ, ಶಿಷ್ಯ ಅಲ್ವಾ, ಕಣ್ಣಿಗೆ ತೋರ್ಸವ್ರೆ."

ಒಂದೇ ವಾರದಲ್ಲಿ ಊರಿಗೆ ಊರೇ ಲೋಕೇಶನ ಹತ್ತಿರ ಡಬ್ಬಕ್ಕೆ ಹೇಳಿಟ್ಟಿತು. ನನಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವನು ಟೀಚರ್ ಮುಖ ನೋಡಿ ನಿಲ್ಲಿಸಿದೆ. ಆ ದೊಡ್ಡ ದನಿಯ ಹೆಂಗಸು ಜಗುಲಿಯ ಅಂಚಿನಲ್ಲಿ ಕೂತು ಸುಮ್ಮನೆ ತಕ್ಕಡಿ ನೋಡುತ್ತಿದ್ದರು.

"ತಪ್ಪು ಜನದ್ದಲ್ಲ ಮೇಷ್ಟ್ರೇ. ಅದರಿಂದ ಏನೇನಾಗುತ್ತೆ ಅಂತ ಬೊಟ್ಟಿಟ್ಟು ಬೊಟ್ಟಿಟ್ಟು ಹೇಳ್ದೆ. ಎಲ್ಲೆಲ್ಲಿ ಆಗಲ್ಲ ಅಂತ ಒಂದಿನ ಹೇಳ್ಲಿಲ್ಲ. ಅರ್ಧ ಪಾಠ ಹೇಳಿದ್ದೀನಿ. ಆ ಅರ್ಧ ಪಾಠ ಈಗ ಅಟ್ಟ ಹತ್ತುತ್ತಾ ಇದೆ."

 ಆಮೇಲೆ ನನ್ನ ಹೆಂಡತಿಯನ್ನು ಕೂಗಿ ಒಂದು ಪ್ಲಾಸ್ಟಿಕ್ ಕವರ್ ಕೇಳಿದರು. ಏನು ಎತ್ತ ಎಂದು ಹೇಳದೆ ನನ್ನ ಎಡಗೈಯನ್ನು ಅದರೊಳಗೆ ತೂರಿಸಿ ಮಣಿಕಟ್ಟಿಗೆ ದಾರ ಕಟ್ಟಿದರು. "ಕಾಫಿ ಕುಡೀರಿ, ಮಾತಾಡೋಣ" ಎಂದರು. ಮಾತಾಡಿದೆವು. ದಾರ ಬಿಚ್ಚಿದಾಗ ಕವರಿನ ಒಳಮೈಯೆಲ್ಲ ಹನಿ ಹನಿ, ನನ್ನ ಕೈ ತೊಪ್ಪೆಯಾಗಿತ್ತು.

"ನಿಮಗೆ ಗೊತ್ತಿಲ್ದಂಗೆ ನಿಮ್ಮ ಕೈ ಬೆವರ್ತಾ ಇತ್ತು. ಹೊರಗೆ ಹೋಗಕ್ಕೆ ದಾರಿ ಇದ್ದಿದ್ರೆ ಆರಿಹೋಗೋದು. ಇದನ್ನೇ ಹೀಗೇ ಒಂದು ವರ್ಷ ಕಟ್ಟಿಟ್ರೆ?"

"ಕೊಳೆಯುತ್ತೆ" ಎಂದೆ.

"ಕೂತ್ಕೊಳ್ಳಿ" ಎಂದರು. ನಾನು ಕೂತೇ ಇದ್ದೆ. ಆದರೂ, ಹೇಳಬಾರದೇಕೆ, ಆ ಮಾತು ನನಗೂ ಬಿತ್ತಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ಮರುದಿನದಿಂದ ಶಾಲೆ ಬಿಟ್ಟ ಮೇಲೆ ಟೀಚರ್ ಕವರು, ದಾರ ಹಿಡಿದು ಮನೆಮನೆಗೆ ಹೊರಟರು. ಎಲ್ಲಿ ಹೋದರೂ ಮನೆಯ ಯಜಮಾನನ ಕೈಗೆ ಕವರ್ ಕಟ್ಟುವುದು, ಅವನು ಪೆಚ್ಚುಮೋರೆ ಹಾಕಿಕೊಂಡು ಕೂತಿರುವಾಗ ತೋಟ, ಮಗಳ ಮದುವೆ, ಹಸುವಿನ ಹಾಲು ಎಂದು ಮಾತಾಡುವುದು, ಬಿಚ್ಚಿ ತೋರಿಸುವುದು. "ಕಾಯೀನೂ ಬೆವರಬೇಕು ಕಣಪ್ಪ. ಮಟ್ಟೆ ಅದಕ್ಕೆ ಚರ್ಮ. ಅದು ಉಸಿರಾಡ್ತಾ ಉಸಿರಾಡ್ತಾ ಒಣಗ್ಬೇಕು. ತಕ್ಕಡೀಲಿ ತೂಗಿದ್ದು ಕೊಬ್ಬರಿ ಅಲ್ಲ, ಒಳಗೆ ಸಿಕ್ಕಾಕೊಂಡಿರೋ ನೀರು."

ಪ್ರತಿ ಮನೆಯಲ್ಲೂ ಮೊದಲು ಇನ್ನೊಂದು ಮಾತು ಹೇಳುತ್ತಿದ್ದರು: "ನಾನು ಅರ್ಧ ಪಾಠ ಹೇಳಿದ್ದೆ. ಉಳಿದರ್ಧ ಹೇಳಕ್ಕೆ ಬಂದಿದ್ದೀನಿ." ಇಷ್ಟು ವರ್ಷ ಮೇಷ್ಟ್ರಗಿರಿ ಮಾಡಿದ್ದೇನೆ, ನನ್ನ ಪಾಠ ಅರ್ಧವಾಗಿತ್ತು ಎಂದು ಊರ ಮುಂದೆ ಬಾಯಿಬಿಟ್ಟು ಹೇಳಿದ ಇನ್ನೊಬ್ಬ ಮೇಷ್ಟ್ರನ್ನು ನಾನು ಕಂಡಿಲ್ಲ. ನನಗೇ ಆ ಧೈರ್ಯವಿಲ್ಲ. ಅವರ ಜೊತೆ ಕವರು ಹಿಡಿದುಕೊಂಡು ಹಿಂದೆ ಹಿಂದೆ ಹೋಗುವಾಗ, ನಾನು ಇವರ ಸಹೋದ್ಯೋಗಿ ಎಂದು ಎದೆ ಉಬ್ಬುತ್ತಿತ್ತು.

ಜನ ಒಬ್ಬೊಬ್ಬರಾಗಿ ಡಬ್ಬ ಬೇಡವೆಂದರು. ಲೋಕೇಶ ಒಬ್ಬನೇ ಒಪ್ಪಲಿಲ್ಲ. "ಯಾರೂ ಹಾಕಿಸ್ಬೇಡಿ. ನಮ್ಮನೇ ಕಾಯಿಗೆ ಹಾಕ್ತೀನಿ. ಮುಂದಿನ ವರ್ಷ ಒಡೆದಾಗ ನೋಡಿ" ಎಂದು, ಅಪ್ಪ ಎಷ್ಟು ಹೇಳಿದರೂ ಕೇಳದೆ, ತಮ್ಮ ಅಟ್ಟದ ಅಷ್ಟೂ ಕಾಯನ್ನು ಅದ್ದಿ ಏರಿಸಿದ. ಟೀಚರ್ ಎದುರಾದರೆ ತಲೆತಗ್ಗಿಸಿ ಬೇರೆ ಓಣಿ ಹಿಡಿಯುತ್ತಿದ್ದ. ಆ ವರ್ಷವಿಡೀ ಟೀಚರ್ ಶಾಲೆಗೆ ಬರುವಾಗ ಕೆರೆ ಏರಿಯ ಕೆಳಗಿನ ದಾರಿಯಲ್ಲೇ ಬಂದರು. ಸುತ್ತು ದಾರಿ ಅದು. ಅವನ ಮನೆಯ ಹೆಂಚಿನ ಕಡೆಗೊಮ್ಮೆ ನೋಡಿ ಮುಂದೆ ಹೋಗುತ್ತಿದ್ದರು. ತಾವು ಹೇಳಿದ್ದು ಸುಳ್ಳಾದರೂ ಪರವಾಗಿಲ್ಲ, ಹುಡುಗನ ಅಟ್ಟ ಉಳಿಯಲಿ ಎಂದು ನನ್ನ ಹತ್ತಿರ ಒಮ್ಮೆ ಹೇಳಿದರು.

ಕೊಬ್ಬರಿ ಒಡೆಯುವ ಕಾಲ ಬಂತು. ಲೋಕೇಶನ ಮನೆಯಲ್ಲಿ ಒಡೆಯುತ್ತಾರೆಂದು ಗೊತ್ತಾದ ದಿನ ಟೀಚರ್ ಕರೆಯದೇ ಹೋದರು. ನಾನೂ ಜೊತೆಗೆ ಹೋದೆ. ಲೋಕೇಶನ ಅಪ್ಪ ಅಟ್ಟದಿಂದ ಇಳಿಸಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಲೊಟಲೊಟ ಸದ್ದು ಎಲ್ಲೂ ಇಲ್ಲ. ಒಳಗೆ ಗುಳುಕ್ ಎಂದು ನೀರು ಆಡುತ್ತಿತ್ತು. ಸುಲಿದು ಒಡೆದರು. ಹುಳಿ ನಾತ ಅಂಗಳ ತುಂಬಿಕೊಂಡಿತು. ತಿರುಳು ಲೋಳೆಯಾಗಿ ಚಿಪ್ಪಿಗೆ ಕಚ್ಚಿಕೊಂಡಿತ್ತು. ಇನ್ನೊಂದು ಒಡೆದರು, ಮತ್ತೊಂದು ಒಡೆದರು. ಆಮೇಲೆ ಕತ್ತಿಯನ್ನು ಕೆಳಗಿಟ್ಟು, "ಸಾಕು ಬುಡು" ಎಂದರು. ಮಗನಿಗೆ ಒಂದು ಮಾತೂ ಅನ್ನಲಿಲ್ಲ. ಅವರು ಬೈದಿದ್ದರೆ ಚೆನ್ನಾಗಿತ್ತೇನೋ.

ಲೋಕೇಶ ಗೋಡೆಗೆ ಒರಗಿ ನಿಂತಿದ್ದ, ತರಗತಿಯಲ್ಲಿ ನಿಲ್ಲುತ್ತಿದ್ದ ಹಾಗೆಯೇ. ಟೀಚರ್ ಅವನ ಹತ್ತಿರ ಹೋಗಲಿಲ್ಲ. ಖಾಲಿ ಅಟ್ಟದ ಏಣಿ ಹತ್ತಿ ಮೇಲೆ ಇಣುಕಿ, ಹೆಂಚಿನ ಸಂದಿಯಿಂದ ಇಳಿದಿದ್ದ ಮಳೆನೀರಿನ ಗೆರೆಗಳನ್ನು ನೋಡಿ ಬಂದರು.

"ಡಬ್ಬ ಉಳಿದಿದೆಯಾ?"

"ರಾಶಿ ಐತೆ ಟೀಚರ್" ಎಂದ, ಕೇಳಿಸದಷ್ಟು ಸಣ್ಣ ದನಿಯಲ್ಲಿ.

"ಹೆಂಚಿಗೆ ಬಳಿ. ಕೆಳಗಿನ ಸಂದಿಗೂ ಬಳಿ. ಮಳೆ ಬರೋದು ಮೇಲಿಂದ, ಅಲ್ಲೇ ತಡಿ. ಕಾಯಿ ಪಾಡಿಗೆ ಕಾಯಿನ ಬಿಡು. ನಿನ್ನ ಸಾಮಾನು ಕೆಟ್ಟದ್ದಲ್ಲ, ಕೂರೋ ಜಾಗ ತಪ್ಪಿತ್ತು."

ಅಲ್ಲಿಗೇ ನಿಲ್ಲಿಸಲಿಲ್ಲ. ಅವನ ಅಪ್ಪನ ಕಡೆ ತಿರುಗಿ, "ಯಜಮಾನ್ರೇ, ಈ ಸಲ ನಮ್ಮ ತೋಟದ ಕಾಯಿ ನಮ್ಮ ಅಟ್ಟಕ್ಕೆ ಏರಿಸಲ್ಲ. ನಿಮ್ಮ ಅಟ್ಟಕ್ಕೆ ತಂದು ಹಾಕ್ತೀನಿ. ಬಂದ ಕೊಬ್ಬರೀಲಿ ಇಬ್ಬರಿಗೂ ಪಾಲು" ಎಂದರು.

"ನಿಮ್ ಕಾಯಿ ನಮ್ ಸೂರಿನ ಕೆಳಗ್ಯಾಕ್ರಮ್ಮ? ಊರೋರು ನಗ್ತಾರೆ. ಮತ್ತೆ ಸೋರಿದ್ರೆ?"

"ಸೋರಲ್ಲ. ಬಳಿಯೋನು ನನ್ನ ಶಿಷ್ಯ."

ಇದನ್ನು ಹೇಳಿದಾಗ ಅವರು ಬಳಸಿದ್ದು ಬಸ್‌ಸ್ಟಾಪಿಗೆ ಕೇಳುವ ಆ ದನಿಯನ್ನೇ. ಬೇಲಿಯಾಚೆ ನಿಂತು ಇಣುಕುತ್ತಿದ್ದವರೆಲ್ಲ ಕೇಳಿಸಿಕೊಂಡರು. ಕೇಳಿಸಿಕೊಳ್ಳಲಿ ಎಂದೇ ಹೇಳಿದ್ದು. ಮನೆಗೆ ಹೋಗಿ ಅತ್ತೆಗೆ ವಿಷಯ ತಿಳಿಸಿದಾಗ ಆ ಹಿರಿಯ ಜೀವ, "ನನ್ ಸೊಸೆ ತಕ್ಕಡಿ ಕಟ್ಟಿ ಒಂದ್ಸಲ ನಗ್ಸಿದ್ದಾಗಿತ್ತು, ಈಗ ಅಟ್ಟಾನೇ ಸಾಗಿಸ್ತಾವ್ಳೆ. ಮಾಡ್ಕೊಳ್ಳಿ" ಎಂದರಂತೆ.

ಅಂಗಳ ದಾಟುವಾಗ ಟೀಚರ್ ಒಮ್ಮೆ ಹಿಂದಕ್ಕೆ ತಿರುಗಿದರು. ಲೋಕೇಶ ಇನ್ನೂ ಗೋಡೆಗೆ ಒರಗಿ ನಿಂತೇ ಇದ್ದ. "ಯಾವುದಕ್ಕೆ ಆಗಲ್ಲ ಅಂತ ಕೇಳಿದ್ದೆ ನಿನ್ನ. ಉತ್ತರ ಗೊತ್ತಾದಾಗ ಹೇಳು" ಎಂದು ಹೊರಟುಬಂದರು. ಕೂತ್ಕೊ ಅನ್ನಲಿಲ್ಲ.

ಆ ಮಳೆಗಾಲ ಜೋರಾಗಿಯೇ ಹುಯ್ಯಿತು. ಮಳೆ ಬಂದಾಗಲೆಲ್ಲ ಊರಿನ ಅರ್ಧ ಜನ ಲೋಕೇಶನ ಸೂರು ನೋಡಲು ಏರಿಯ ಮೇಲೆ ಕೊಡೆ ಹಿಡಿದು ನಿಲ್ಲುತ್ತಿದ್ದರು. ಹೆಂಚಿನ ಮೇಲೆ ನೀರು ಕೆಸುವಿನ ಎಲೆಯ ಮೇಲಿನಂತೆ ಉಂಡೆಯುಂಡೆಯಾಗಿ ಜಾರಿ ಬೀಳುತ್ತಿತ್ತು. ಒಳಗೆ ಒಂದು ಹನಿಯೂ ಇಳಿಯಲಿಲ್ಲ. ಮುಂದಿನ ವರ್ಷ ಟೀಚರ್ ಮನೆಯ ಕಾಯಿ ಒಡೆದಾಗ ಬೆಳ್ಳಗೆ, ಗುಂಡಗೆ, ಒಂದೂ ಸುಕ್ಕಿಲ್ಲದ ಕೊಬ್ಬರಿ ಬಂತು. ತಿಪಟೂರಿನ ಮಾರುಕಟ್ಟೆಯಲ್ಲಿ ಅದನ್ನು ಕೈಯಲ್ಲಿ ಹಿಡಿದು ನೋಡಿದವರು ಯಾರ ಅಟ್ಟದ್ದು ಎಂದು ಕೇಳಿದರಂತೆ. ಲೋಕೇಶನ ಅಪ್ಪ ಮಗನ ಹೆಸರು ಹೇಳಿದರಂತೆ. ಆಮೇಲೆ ಶೆಟ್ಟಿಕೆರೆಯಲ್ಲಿ ಅವನ ಲೇಪನ ಕಾಣದ ಹೆಂಚು ಕಡಿಮೆ. ಈಗ ಅವನಿಗೆ ಚಿಕ್ಕನಾಯಕನಹಳ್ಳಿಯಲ್ಲಿ ಅಂಗಡಿಯಿದೆ. ಅವನು ಬಳಿದ ಮೊದಲ ಹೆಂಚಿನ ಸಾಲಿನಲ್ಲಿ ಒಂದು ಒಡೆದುಹೋಯಿತು. ಅದರ ಅರ್ಧವನ್ನು ಟೀಚರ್ ತಂದು ಬೀರುವಿನಲ್ಲಿ ಇಟ್ಟುಕೊಂಡರು.

ಅಂದಿನಿಂದ ಅವರ ಪಾಠದ ರೀತಿಯೇ ಬದಲಾಯಿತು. ಕಾಡಿಗೆ ಬೊಟ್ಟು ಇಟ್ಟಾದ ಮೇಲೆ, ಇದೇ ಮಸಿ ಹೊಗೆಯಾಗಿ ಎದೆಯೊಳಗೆ ಹೋದರೆ ಎಷ್ಟು ಸಣ್ಣದೋ ಅಷ್ಟು ಆಳಕ್ಕೆ ಇಳಿಯುತ್ತದೆ ಎಂದೂ ಹೇಳುತ್ತಿದ್ದರು. ಬೆಳ್ಳಿಯ ನ್ಯಾನೋ ಕಣ ನೀರಿನ ಫಿಲ್ಟರಿನಲ್ಲಿ ರೋಗದ ಕ್ರಿಮಿಯನ್ನು ಕೊಲ್ಲುತ್ತದೆ ಎಂದ ಬಾಯಲ್ಲೇ, ಅದೇ ಕಣ ತೋಟದ ಮಣ್ಣಿಗೆ ಬಿದ್ದರೆ ಒಳ್ಳೆಯ ಕ್ರಿಮಿಯನ್ನೂ ಬಿಡುವುದಿಲ್ಲ ಎನ್ನುತ್ತಿದ್ದರು. ಯಾವ ಹುಡುಗ ಎದ್ದು ಯಾವ ವಸ್ತುವಿನ ಉಪಯೋಗ ಹೇಳಿದರೂ ಮರುಪ್ರಶ್ನೆ ತಪ್ಪಿದ್ದಲ್ಲ: "ಯಾವುದಕ್ಕೆ ಆಗಲ್ಲ?"

ಬೀಳ್ಕೊಡುಗೆಯ ದಿನ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದೆವು. ಹಾರ ಹಾಕಿದೆವು, ಶಾಲು ಹೊದಿಸಿದೆವು, ನಾನು ನನ್ನ ಕನ್ನಡವನ್ನೆಲ್ಲ ಖರ್ಚು ಮಾಡಿ ಭಾಷಣ ಮಾಡಿದೆ. ಟೀಚರ್ ಆಕಳಿಕೆ ಅಡಗಿಸಿಕೊಂಡು ಕೂತಿದ್ದರು. ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾತಾಡಲು ಲೋಕೇಶನನ್ನು ಕರೆದೆವು. ಈಗ ಹೊಟ್ಟೆ ಬಂದಿದೆ, ಕಿವಿಯ ಹತ್ತಿರ ಒಂದೆರಡು ಬಿಳಿಕೂದಲು. ಮಗಳು ನಮ್ಮ ಶಾಲೆಯಲ್ಲೇ ಓದುತ್ತಿದ್ದಾಳೆ. ಬರೆದು ತಂದ ಚೀಟಿ ಜೇಬಿನಿಂದ ತೆಗೆದ. ಮತ್ತೆ ಜೇಬಿಗೇ ಇಟ್ಟ. ಮೈಕು ಬಿಟ್ಟು ಟೀಚರ್ ಕುರ್ಚಿಯ ಮುಂದೆ ಬಂದು, ಕೈಕಟ್ಟಿ ನಿಂತ.

"ಟೀಚರ್, ನೀವು ಒಂದು ಪ್ರಶ್ನೆ ಕೇಳಿದ್ರಿ. ಉತ್ತರ ಬಹಳ ದಿನದಿಂದ ಗೊತ್ತಿತ್ತು. ಮುಖ ತೋರ್ಸಿ ಹೇಳಕ್ಕೆ ಆಗಿರ್ಲಿಲ್ಲ. ಅಂಗಡಿಗೆ ಯಾರ್ ಬಂದ್ರೂ ಮೊದ್ಲು ಅದನ್ನೇ ಹೇಳ್ತೀನಿ, ಆಮೇಲೇ ಡಬ್ಬ ತೋರ್ಸೋದು."

 ಟೀಚರ್ ಶಾಲು ಸರಿಸಿ ನೆಟ್ಟಗೆ ಕೂತರು. ಮಣೆಯ ಮೇಲೆ ನಿಂತು ಕೇಳುತ್ತಿದ್ದ ದನಿಯಲ್ಲೇ ಕೇಳಿದರು.

"ಯಾವುದಕ್ಕೆ ಆಗಲ್ಲ?"

"ಉಸಿರಾಡೋದಕ್ಕೆ ಬಳೀಬಾರ್ದು ಟೀಚರ್."

 ಟೀಚರ್ ಪಕ್ಕದಲ್ಲಿದ್ದ ಕೈಚೀಲದಿಂದ ಆ ಅರ್ಧ ಹೆಂಚು ತೆಗೆದು ಅವನ ಕೈಗೆ ಕೊಟ್ಟರು. ಕಣ್ಣು ತುಂಬಿತ್ತು, ದನಿ ಮಾತ್ರ ಅಲುಗಲಿಲ್ಲ.

"ಕೂತ್ಕೊ" ಎಂದರು.

ಕುರ್ಚಿ ಅಲ್ಲಿ ಖಾಲಿ ಇರಲಿಲ್ಲ. ಲೋಕೇಶ ಹೆಂಚನ್ನು ಎದೆಗೆ ಅವುಚಿಕೊಂಡು, ಅಷ್ಟು ಜನರ ಮುಂದೆ, ಮಗಳು ನೋಡುತ್ತಿರುವಂತೆಯೇ, ಅವರ ಕಾಲಬುಡದಲ್ಲಿ ನೆಲದ ಮೇಲೆ ಕೂತುಕೊಂಡ.